ಕಲ್ಲು ಬೆಳೆಯದೆ ನಿಂತ ಆರುನೂರೈವತ್ತು ವರ್ಷ

ನಮಗೆ ಸಿಕ್ಕಾಗ ಆ ಕಲ್ಲು ಆಗಲೇ ಬಿದ್ದಿತ್ತು. ಗುಹೆಯ ಬಾಯಿಂದ ಸುಮಾರು ಇನ್ನೂರು ಮೀಟರ್ ಒಳಗೆ, ಹೊಟ್ಟೆಯ ಮೇಲೆ ತೆವಳಿ ದಾಟಬೇಕಾದ ಒಂದು ಸಂದು ಇದೆ. ಅದರಾಚೆ ಒಂದು ಸಣ್ಣ ಕೋಣೆ. ಅಲ್ಲಿ ಕೆಸರಿನಲ್ಲಿ ಅರ್ಧ ಹೂತುಕೊಂಡು ಮಲಗಿತ್ತು, ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಉದ್ದ. ಪಕ್ಕದಲ್ಲೇ ಅದರ ಬುಡ. ಬುಡದ ಮೇಲೆ, ಸರಿಯಾಗಿ ಮುರಿದ ಜಾಗದಲ್ಲೇ, ಹೆಬ್ಬೆರಳಿನಷ್ಟು ಎತ್ತರದ ಹೊಸ ಕಲ್ಲು ಎದ್ದಿತ್ತು. ಅದರ ನೆತ್ತಿ ಹೆಡ್‌ಲ್ಯಾಂಪ್ ಬೆಳಕಿಗೆ ಒದ್ದೆಯಾಗಿ ಹೊಳೆಯುತ್ತಿತ್ತು. ನೋಡುತ್ತಿದ್ದಂತೆ ಚಾವಣಿಯಿಂದ ಒಂದು ಹನಿ ಅದರ ಮೇಲೆ ಬಿತ್ತು. ಗಡಿಯಾರ ನೋಡಿಕೊಂಡು ಕೂತೆ. ಇಪ್ಪತ್ಮೂರು ಸೆಕೆಂಡಿಗೆ ಇನ್ನೊಂದು ಹನಿ.

ನಾವು ಹುಡುಕುತ್ತಿದ್ದದ್ದು ಇಂಥದ್ದನ್ನೇ. ತಾನಾಗಿ ಬಿದ್ದ ಕಲ್ಲು, ಆದರೆ ಅದನ್ನು ಬೆಳೆಸಿದ ಹನಿ ಇನ್ನೂ ನಿಂತಿಲ್ಲ. ಇವತ್ತು ಬೀಳುವ ಹನಿಯನ್ನು ಅಳೆದರೆ, ಅದೇ ಹನಿ ಸಾವಿರಾರು ವರ್ಷ ಹಿಂದೆ ಬರೆದಿಟ್ಟ ಮಳೆಯ ಲೆಕ್ಕವನ್ನು ಓದಲು ಒಂದು ಆಧಾರ ಸಿಗುತ್ತದೆ.

ನೆಲದಿಂದ ಮೇಲಕ್ಕೆ ಬೆಳೆಯುವ ಈ ಕಲ್ಲಿಗೆ ಸ್ಟ್ಯಾಲಗ್ಮೈಟ್ ಎಂದು ಹೆಸರು. ಚಾವಣಿಯಿಂದ ಕೆಳಗೆ ಇಳಿಬೀಳುವುದು ಸ್ಟ್ಯಾಲಕ್ಟೈಟ್. ಹಳೆಯ ಮಳೆಯ ಲೆಕ್ಕ ಬೇಕಾದವರು ಸಾಮಾನ್ಯವಾಗಿ ನೆಲದ ಕಲ್ಲನ್ನೇ ಆರಿಸುತ್ತಾರೆ. ತೂಗುವ ಕಲ್ಲಿನ ನಡುವೆ ಕೊಳವೆ ಇರುತ್ತದೆ, ಪದರಗಳು ಸುತ್ತಲೂ ಸುತ್ತಿಕೊಂಡಿರುತ್ತವೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಬಿಡಿಸುವುದು ಕಷ್ಟ. ನೆಲದ ಕಲ್ಲಿನಲ್ಲಿ ಪದರದ ಮೇಲೆ ಪದರ ನೇರವಾಗಿ ಕೂತಿರುತ್ತದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು.

ಒಂದು ಮಿಲಿಮೀಟರ್ ಬೆಳೆಯಲು ಹತ್ತು ವರ್ಷವೂ ಬೇಕಾಗಬಹುದು, ನೂರು ವರ್ಷವೂ ಬೇಕಾಗಬಹುದು. ಹೀಗಿರುವಾಗ ನಿಂತಿರುವ ಕಲ್ಲನ್ನು ನಮ್ಮ ಕೆಲಸಕ್ಕೆಂದು ಮುರಿಯಲು ನನಗೆ ಮನಸ್ಸೇ ಬರುವುದಿಲ್ಲ. ಅನುಮತಿ ಪತ್ರದಲ್ಲೂ ಬಿದ್ದ ತುಂಡು ಒಂದೇ ಎಂದು ಬರೆದಿತ್ತು. ಬುಡವನ್ನು ಮುಟ್ಟಲಿಲ್ಲ. ಅದರ ಮೇಲೆ ಎದ್ದಿದ್ದ ಹೊಸ ಮೊಳಕೆಯನ್ನಂತೂ ಬೆರಳಿಂದಲೂ ಸೋಕಲಿಲ್ಲ. ಕೈಯ ಜಿಡ್ಡು ತಗುಲಿದರೂ ಆ ಜಾಗದಲ್ಲಿ ಕಲ್ಲು ಸರಿಯಾಗಿ ಕೂರುವುದಿಲ್ಲ.

ಮುರಿದ ಕಲ್ಲಿನ ಮೇಲೆ ಹೀಗೆ ಮತ್ತೆ ಬೆಳೆಯುವ ಪದರಕ್ಕೆ ದೊಡ್ಡ ಬೆಲೆ ಇದೆ. ಫ್ರಾನ್ಸಿನ ಬ್ರೂನಿಕೆಲ್ ಗುಹೆಯಲ್ಲಿ ನಿಯಾಂಡರ್ತಾಲ್ ಜನ ಸ್ಟ್ಯಾಲಗ್ಮೈಟ್‌ಗಳನ್ನು ಮುರಿದು ನೆಲದ ಮೇಲೆ ಬಳೆಯ ಹಾಗೆ ದುಂಡಗೆ ಜೋಡಿಸಿದ್ದಾರೆ. ಅದು ಸುಮಾರು 1,76,000 ವರ್ಷ ಹಳೆಯದೆಂದು 2016ರಲ್ಲಿ ಗೊತ್ತಾಯಿತು. ಗೊತ್ತಾಗಿದ್ದು ಹೇಗೆ ಅಂದರೆ, ಮುರಿದ ತುಂಡುಗಳ ಮೇಲೆ ಆಮೇಲೆ ಕೂತ ಸುಣ್ಣದ ಪದರದ ವಯಸ್ಸನ್ನು ಅಳೆದು.

ಕಲ್ಲನ್ನು ಹೊರಗೆ ತಂದ ಮೇಲೂ ಅದನ್ನು ಕತ್ತರಿಸಲು ಒಂದು ವರ್ಷ ಕಾದೆವು. ನಮ್ಮ ತಂಡದ ಮುಖ್ಯಸ್ಥೆ, ನಾವೆಲ್ಲ ಮೇಡಂ ಎಂದೇ ಕರೆಯುವವರು, ಇದರಲ್ಲಿ ಬಹಳ ಕಟ್ಟುನಿಟ್ಟು. "ಹನಿ ಹೇಗೆ ನಡ್ಕೊಳ್ಳತ್ತೆ ಅಂತ ಗೊತ್ತಿಲ್ದೆ ಕಲ್ಲು ಓದಕ್ಕೆ ಹೋಗ್ಬೇಡಮ್ಮ" ಎಂದರು. ಆಗ ನನಗೆ ಅದು ಸುಮ್ನೆ ತಡ ಅನ್ನಿಸಿತ್ತು.

ಆ ವರ್ಷವೆಲ್ಲ ತಿಂಗಳಿಗೊಮ್ಮೆ ಆ ಸಂದಿನಲ್ಲಿ ತೆವಳಿದೆ. ಹನಿಯ ಕೆಳಗೆ, ಮೊಳಕೆಗೆ ತಾಗದಂತೆ ಒಂದು ಪುಟ್ಟ ಚೌಕಟ್ಟು ಕಟ್ಟಿ ಸ್ವಲ್ಪ ದಿನ ಗಾಜಿನ ತಟ್ಟೆ ಇಡುತ್ತಿದ್ದೆವು. ಅದರ ಮೇಲೆ ಹೊಸ ಸುಣ್ಣ ತೆಳ್ಳಗೆ ಕೂರುತ್ತಿತ್ತು, ಕನ್ನಡಿಗೆ ಉಸಿರು ಬಿಟ್ಟಾಗ ಮಂಜು ಕೂರುತ್ತದಲ್ಲ, ಅಷ್ಟೇ. ಹನಿ ಎಣಿಸುವ ಒಂದು ಲಾಗರ್. ತಾಪಮಾನಕ್ಕೆ ಇನ್ನೊಂದು. ಹನಿ ನೀರನ್ನು ಸಣ್ಣ ಬಾಟಲಿಗೆ ಕಂಠದವರೆಗೂ ತುಂಬಿಸಿ ಮುಚ್ಚಬೇಕು, ಒಂದು ಗುಳ್ಳೆಯೂ ಉಳಿಯಬಾರದು. ಗಾಳಿ ಉಳಿದರೆ ನೀರು ಆವಿಯಾಗಿ ಐಸೊಟೋಪ್ ಲೆಕ್ಕ, ಅಂದರೆ ನೀರಿನಲ್ಲಿರುವ ಆಕ್ಸಿಜನ್ನಿನ ಹಗುರ ಮತ್ತು ಭಾರದ ಬಗೆಗಳ ಪಾಲು, ಕೆಡುತ್ತದೆ. ಇಪ್ಪತ್ಮೂರು ಸೆಕೆಂಡಿಗೊಂದು ಹನಿಯಿಂದ ಬಾಟಲಿ ತುಂಬುವವರೆಗೆ ಕಾಯಬೇಕು. ಕತ್ತಲಲ್ಲಿ ಲ್ಯಾಂಪ್ ಆರಿಸಿ ಕೂತರೆ ಬೇರೇನೂ ಇಲ್ಲ, ಆ ಸದ್ದೊಂದೇ.

ಹೊರಗೆ ಎಷ್ಟೇ ಸೆಕೆ, ಎಷ್ಟೇ ಚಳಿ ಇದ್ದರೂ ಆ ಕೋಣೆಯ ತಾಪಮಾನ ಅರ್ಧ ಡಿಗ್ರಿಗಿಂತ ಜಾಸ್ತಿ ಅಲುಗಾಡಲಿಲ್ಲ. ಗುಹೆಯ ಒಳಭಾಗ ಹೊರಗಿನ ಇಡೀ ವರ್ಷದ ಸರಾಸರಿ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚುಕಡಿಮೆ ನೂರಕ್ಕೆ ನೂರು. ಜೋರು ಮಳೆ ಬಂದು ಎಂಟೊಂಬತ್ತು ದಿನಕ್ಕೆ ಹನಿ ಚುರುಕಾಗುತ್ತಿತ್ತು, ಬೇಸಿಗೆಯಲ್ಲಿ ನಿಧಾನವಾಗುತ್ತಿತ್ತು. ಆದರೆ ನೀರಿನ ಐಸೊಟೋಪ್ ಅಷ್ಟು ಬೇಗ ಬದಲಾಗಲಿಲ್ಲ. ಮೇಲಿನ ಬಂಡೆಯ ಬಿರುಕುಗಳಲ್ಲಿ ಹಳೆ ನೀರು ಹೊಸ ನೀರು ತಿಂಗಳುಗಟ್ಟಲೆ ಬೆರೆಯುತ್ತದೆ. ಅಂದರೆ ಒಂದು ದಿನದ ಜಡಿಮಳೆ ಈ ಕಲ್ಲಿನಲ್ಲಿ ಕಾಣುವುದಿಲ್ಲ. ಒಳ್ಳೆಯ ವರ್ಷಗಳ ಸಾಲು, ಕೆಟ್ಟ ವರ್ಷಗಳ ಸಾಲು ಮಾತ್ರ ಕಾಣುತ್ತದೆ.

ಹನಿ ಕಲ್ಲಾಗುವ ಬಗೆ ಸರಳ. ಮಳೆ ನೀರು ಮಣ್ಣಿಗೆ ಇಳಿಯುತ್ತದೆ. ಅಲ್ಲಿ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಅದನ್ನು ಹೀರಿದ ನೀರು ಸ್ವಲ್ಪ ಹುಳಿಯಾಗಿ ಸುಣ್ಣದಕಲ್ಲನ್ನು ಕರಗಿಸಿಕೊಂಡು ಕೆಳಗೆ ಇಳಿಯುತ್ತದೆ. ಗುಹೆಯ ಗಾಳಿಯಲ್ಲಿ ಆ ಅನಿಲ ಕಡಿಮೆ. ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ನೀರಿನಿಂದ ಅನಿಲ ಹಾರಿಹೋಗುತ್ತದೆ. ಕರಗಿದ್ದ ಸುಣ್ಣ ಕ್ಯಾಲ್ಸೈಟ್ ಹರಳಾಗಿ ಉಳಿಯುತ್ತದೆ. ಆ ಹರಳಿನ ಆಕ್ಸಿಜನ್‌ನಲ್ಲಿ ನೀರಿನ ಗುರುತು ಉಳಿದಿರುತ್ತದೆ.

ಗುರುತು ಅಂದರೆ ಏನು? ಆಕ್ಸಿಜನ್‌ನಲ್ಲಿ ಹಗುರ 16 ಮತ್ತು ಭಾರದ 18 ಎರಡೂ ಇವೆ. 18 ಬಹಳ ಕಡಿಮೆ, ನೂರರಲ್ಲಿ 0.2ರಷ್ಟು. ಮೋಡದಿಂದ ಮಳೆ ಸುರಿಯುವಾಗ ಭಾರದ ಆಕ್ಸಿಜನ್ ಇರುವ ನೀರು ಮೊದಲು ಬೀಳುತ್ತದೆ. ದೂರದ ಸಮುದ್ರದಿಂದ ಸುರಿಸುತ್ತಲೇ ಬಂದ ಮೋಡದಲ್ಲಿ ಕೊನೆಗೆ ಹಗುರದ್ದೇ ಜಾಸ್ತಿ ಉಳಿಯುತ್ತದೆ. ಮುಂಗಾರು ಬಲವಾಗಿದ್ದ ಕಾಲದ ಪದರದಲ್ಲಿ 18 ಕಡಿಮೆ, ಸೊರಗಿದ ಕಾಲದ ಪದರದಲ್ಲಿ 18 ಜಾಸ್ತಿ. ಇದು ಮಾನ್ಸೂನ್ ನಾಡುಗಳ ಮಾತು. ಬೇರೆ ಕಡೆ ಇದೇ ಸಂಖ್ಯೆ ಬೇರೆ ಕಥೆ ಹೇಳಬಹುದು. ಮಾನ್ಸೂನ್ ನಾಡಿನಲ್ಲೂ ಇದು ಇಷ್ಟು ಮಿಲಿಮೀಟರ್ ಮಳೆ ಎಂದು ಓದುವ ಮಳೆಮಾಪಕ ಅಲ್ಲ. ಮೋಡ ಎಲ್ಲಿಂದ ಬಂತು, ದಾರಿಯಲ್ಲಿ ಎಷ್ಟು ಸುರಿಸಿತು, ಎಲ್ಲವೂ ಅದೊಂದೇ ಸಂಖ್ಯೆಯಲ್ಲಿ ಬೆರೆತಿರುತ್ತದೆ.

ವರ್ಷ ತುಂಬಿದ ಮೇಲೆ ಕಲ್ಲನ್ನು ವಜ್ರದ ಅಲಗಿನ ಗರಗಸಕ್ಕೆ ಕೊಟ್ಟೆವು. ನೀರು ಚಿಮ್ಮಿಸುತ್ತಾ, ಬಹಳ ನಿಧಾನವಾಗಿ, ಬೆಳೆದ ದಿಕ್ಕಿನಲ್ಲೇ ನೆತ್ತಿಯಿಂದ ಬುಡಕ್ಕೆ ಸೀಳಬೇಕು. ನಡುವಿನ ಅಕ್ಷ ತಪ್ಪಿದರೆ ಕೆಲಸ ಕೆಟ್ಟಿತು. ಎರಡು ಹೋಳಾದಾಗ ಒಳಗೆ ಕಂಡದ್ದನ್ನು ನಾನು ಮರೆಯಲಾರೆ. ಹೊರಗೆ ಕೆಸರು ಬಣ್ಣದ ಒರಟು ಕಲ್ಲು. ಒಳಗೆ ಜೇನಿನ ಬಣ್ಣ, ನಡುವೆ ಹಾಲಿನಂತೆ ಬಿಳಿ ಪಟ್ಟೆಗಳು, ಒಂದರ ಮೇಲೊಂದು ಬೋರಲು ಹಾಕಿದ ಬಟ್ಟಲುಗಳ ಹಾಗೆ. ಉದ್ದ 340 ಮಿಲಿಮೀಟರ್.

ಒಂದು ಹೋಳನ್ನು ಹಾಗೇ ಕಟ್ಟಿ, ಚೀಟಿ ಅಂಟಿಸಿ, ಕಪಾಟಿನಲ್ಲಿಟ್ಟೆವು. ಇನ್ನೊಂದನ್ನು ಕನ್ನಡಿಯಂತೆ ನಯ ಮಾಡಿದೆವು. ಇದು ಒಳ್ಳೆಯ ರೂಢಿ. ನಾಳೆ ಇನ್ನೂ ಒಳ್ಳೆಯ ಯಂತ್ರ ಬಂದೀತು, ಇನ್ನೂ ಒಳ್ಳೆಯ ಪ್ರಶ್ನೆ ಇಟ್ಟುಕೊಂಡು ಯಾರೋ ಬಂದಾರು. ಅವರಿಗಾಗಿ ಮತ್ತೆ ಗುಹೆಯಿಂದ ಕಲ್ಲು ತರುವ ಹಾಗಾಗಬಾರದು.

ನಯ ಮಾಡಿದ ಹೋಳಿನಲ್ಲಿ, ನೆತ್ತಿಯಿಂದ 166 ಮಿಲಿಮೀಟರ್ ಕೆಳಗೆ, ಕೂದಲೆಳೆಯಷ್ಟು ತೆಳುವಾದ ಒಂದು ಕಂದು ಗೆರೆ ಇತ್ತು. ಫೋಟೊ ತೆಗೆದೆ. ಪುಸ್ತಕದಲ್ಲಿ "ಮಣ್ಣಿನ ಗೆರೆ" ಎಂದು ಬರೆದೆ. ಮುಂದಕ್ಕೆ ಹೋದೆ.

ಆಮೇಲೆ ಕೊರೆಯುವ ಕೆಲಸ. ಅರ್ಧ ಮಿಲಿಮೀಟರ್ ದಪ್ಪದ ಡ್ರಿಲ್ ಮೊನೆ, ಸೂಕ್ಷ್ಮದರ್ಶಕದ ಕೆಳಗೆ ಕಲ್ಲು. ಪ್ರತಿ ಮಿಲಿಮೀಟರಿಗೆ ಒಂದು ಪುಟ್ಟ ಗುಳಿ, ಗುಳಿಯಿಂದ ಒಂದು ಚಿಟಿಕೆಗಿಂತಲೂ ಕಡಿಮೆ ಬಿಳಿ ಹುಡಿ. ಮಡಿಸಿದ ಕಾಗದಕ್ಕೆ ಹುಡಿಯನ್ನು ಜಾರಿಸಿ, ಅಲ್ಲಿಂದ ಸೀಸೆಗೆ ತಟ್ಟಿ, ಮೊನೆಯನ್ನೂ ಕಲ್ಲನ್ನೂ ಗಾಳಿ ಊದಿ ಒರೆಸಿ, ಮತ್ತೆ ಮುಂದಿನ ಗುಳಿ. ಹಿಂದಿನ ಗುಳಿಯ ಹುಡಿ ಒಂದು ಕಣ ಉಳಿದರೂ ಎರಡು ಕಾಲ ಬೆರೆತುಹೋಗುತ್ತವೆ. ಸೀನು ಬಂದರೆ ಮುಖ ತಿರುಗಿಸಿಕೊಂಡು ಎದ್ದು ಹೊರಗೆ ಹೋಗುತ್ತಿದ್ದೆ. 340 ಸೀಸೆ, ಮೂರು ವಾರ.

ಈ ಹುಡಿಯನ್ನು ಫಾಸ್ಫರಿಕ್ ಆಮ್ಲದಲ್ಲಿ ಕರಗಿಸಿದರೆ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅದನ್ನು ತೂಕದ ಮೇಲೆ ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಟ್ಟರೆ ಆಕ್ಸಿಜನ್ನು, ಕಾರ್ಬನ್ನು ಎರಡರ ಐಸೊಟೋಪ್ ಸಂಖ್ಯೆಯೂ ಒಟ್ಟಿಗೆ ಸಿಗುತ್ತದೆ. ಅದೆಲ್ಲ ಯಂತ್ರ ತಾನೇ ಮಾಡುತ್ತದೆ, ನಡುನಡುವೆ ಗೊತ್ತಿರುವ ಮಾದರಿ ಇಟ್ಟು ಯಂತ್ರ ಜಾರಿಲ್ಲ ಎಂದು ಖಾತ್ರಿ ಮಾಡಿಕೊಂಡರಾಯಿತು.

ನಿಜವಾದ ಕಷ್ಟ ವಯಸ್ಸಿನದು. ಕಾರ್ಬನ್ ಡೇಟಿಂಗ್ ಇಲ್ಲಿ ನೇರವಾಗಿ ನಡೆಯುವುದಿಲ್ಲ. ಕಲ್ಲಿನ ಕಾರ್ಬನ್‌ನಲ್ಲಿ ಒಂದು ಪಾಲು ಕೋಟ್ಯಂತರ ವರ್ಷ ಹಳೆಯ ಸುಣ್ಣದಕಲ್ಲಿನಿಂದ ಬಂದದ್ದು, ಆದ್ದರಿಂದ ಲೆಕ್ಕ ತಪ್ಪುತ್ತದೆ. ಇಲ್ಲಿ ನೆರವಿಗೆ ಬರುವುದು ಯುರೇನಿಯಂ ಮತ್ತು ಥೋರಿಯಂ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಕರಗುವುದಿಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ ಹೊಸದಾಗಿ ಕೂತ ಕ್ಯಾಲ್ಸೈಟ್‌ನಲ್ಲಿ ಚೂರು ಯುರೇನಿಯಂ ಇರುತ್ತದೆ, ಥೋರಿಯಂ ಇರುವುದಿಲ್ಲ. ಕಾಲ ಕಳೆದಂತೆ ಯುರೇನಿಯಂ 234 ಒಡೆದು ಥೋರಿಯಂ 230 ಆಗುತ್ತದೆ. ಯುರೇನಿಯಂ 234 ಅರ್ಧಕ್ಕೆ ಇಳಿಯಲು ಸುಮಾರು 2,45,000 ವರ್ಷ ಬೇಕು, ಥೋರಿಯಂ 230ಕ್ಕೆ ಸುಮಾರು 75,600 ವರ್ಷ. ಎಷ್ಟು ಥೋರಿಯಂ ಕೂಡಿಕೊಂಡಿದೆ ಎಂದು ಅಳೆದರೆ ಪದರದ ವಯಸ್ಸು ಸಿಕ್ಕಿತು. ಹೀಗೆ ಆರು ಲಕ್ಷ ವರ್ಷದ ಆಸುಪಾಸಿನವರೆಗೂ ಹೋಗಬಹುದು. ಚೀನಾದ ಗುಹೆಗಳ ಕಲ್ಲುಗಳನ್ನು ಒಂದಕ್ಕೊಂದು ಜೋಡಿಸಿ ಚೆಂಗ್ ಹೈ ಮತ್ತು ಜೊತೆಯವರು 2016ರಲ್ಲಿ 6,40,000 ವರ್ಷಗಳ ಮುಂಗಾರಿನ ಗೆರೆ ಎಳೆದು ತೋರಿಸಿದ್ದು ಈ ಗಡಿಯಾರದಿಂದಲೇ.

ನಾನು ಏಳು ಕಡೆ ವಯಸ್ಸಿಗೆಂದು ಹುಡಿ ತೆಗೆದೆ. ಇದಕ್ಕೆ ನೂರು ಮಿಲಿಗ್ರಾಂ ಸುತ್ತಮುತ್ತ ಬೇಕು. ದೂಳಿಲ್ಲದ ಕೋಣೆಯಲ್ಲಿ, ತಲೆಯಿಂದ ಪಾದದವರೆಗೂ ಮುಚ್ಚಿಕೊಂಡು, ಹುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಪ್ರಮಾಣ ಗೊತ್ತಿರುವ ಕೃತಕ ಯುರೇನಿಯಂ ಮತ್ತು ಥೋರಿಯಂ ಸೇರಿಸಿ, ಸ್ವಲ್ಪ ಕಬ್ಬಿಣದ ದ್ರಾವಣ ಹಾಕಿ, ಅಮೋನಿಯಾ ತೊಟ್ಟಿಕ್ಕಿಸಬೇಕು. ಇದ್ದಕ್ಕಿದ್ದಂತೆ ತುಕ್ಕಿನ ಬಣ್ಣದ, ಹತ್ತಿಯಂಥ ಚೂರುಗಳು ನೀರಿನಲ್ಲಿ ತೇಲತೊಡಗುತ್ತವೆ. ನಮಗೆ ಬೇಕಾದ ಯುರೇನಿಯಂ ಥೋರಿಯಂ ಎರಡೂ ಆ ಚೂರುಗಳಿಗೆ ಅಂಟಿಕೊಂಡು ಕೆಳಗೆ ಕೂರುತ್ತವೆ, ಸುಣ್ಣದ ಪಾಲು ನೀರಿನಲ್ಲೇ ಉಳಿಯುತ್ತದೆ. ಆಮೇಲೆ ಬೆರಳುದ್ದದ ರಾಳದ ಕೊಳವೆಗಳಲ್ಲಿ ಆಮ್ಲ ಹರಿಸಿ ಥೋರಿಯಂ ಬೇರೆ, ಯುರೇನಿಯಂ ಬೇರೆ ಇಳಿಸಿಕೊಳ್ಳಬೇಕು. ಎರಡು ದಿನ ನಿಂತೇ ಇದ್ದೆ. ಸಾವಿರಾರು ವರ್ಷ ಹೊತ್ತ ಕಲ್ಲು ಕೊನೆಗೆ ಸೀಸೆಯ ತಳದಲ್ಲಿ ಕಣ್ಣಿಗೂ ಕಾಣದ ಒಂದು ಕಲೆಯಾಗಿರುತ್ತದೆ.

ಏಳರಲ್ಲಿ ಆರು ಚೆನ್ನಾಗಿ ಬಂದವು. ನೆತ್ತಿಯ ಹತ್ತಿರ 900 ವರ್ಷ. 70 ಮಿ.ಮೀ.ನಲ್ಲಿ 2,150. 135ರಲ್ಲಿ 3,450. 200ರಲ್ಲಿ 5,400. 270ರಲ್ಲಿ 6,600. ಬುಡದ ಹತ್ತಿರ 7,900. ಎಲ್ಲವೂ ಮೂವತ್ತು ನಲವತ್ತು ವರ್ಷ ಆಚೀಚೆ. ನೆತ್ತಿ 900 ಎಂದರೆ ಕಲ್ಲು ಬಿದ್ದು ಅಷ್ಟು ಕಾಲವಾಗಿದೆ. ಅಲ್ಲಿಂದೀಚೆಗೆ ಬುಡದ ಮೇಲೆ ಹೆಬ್ಬೆರಳಿನಷ್ಟು ಬೆಳೆದಿರುವುದು ಈ ಲೆಕ್ಕಕ್ಕೆ ಸರಿಹೊಂದುತ್ತದೆ.

ಏಳನೆಯದನ್ನು ಕಂದು ಗೆರೆಯ ಮೇಲೇ, 167ರ ಹತ್ತಿರ ಕೊರೆದಿದ್ದೆ. ಅದು 4,400 ವರ್ಷ ಎಂದು ಬಂತು, ಆದರೆ 600 ವರ್ಷ ಆಚೀಚೆ. ಮಣ್ಣು ಬೆರೆತರೆ ಹೀಗಾಗುತ್ತದೆ. ಮಣ್ಣಿನ ಜೊತೆ ಹೊರಗಿನ ಥೋರಿಯಂ ಬಂದುಬಿಡುತ್ತದೆ. ಮಣ್ಣಿನ ಜೊತೆಗೇ ಬರುವ ಥೋರಿಯಂ 232 ಎಷ್ಟಿದೆ ಎಂದು ನೋಡಿ ಆ ಕೊಳೆಯನ್ನು ಅಂದಾಜು ಮಾಡಿ ಕಳೆಯಬಹುದು, ಆದರೆ ಕೊಳೆ ಜಾಸ್ತಿ ಇದ್ದಷ್ಟೂ ಅಂದಾಜು ಸಡಿಲ. 600 ವರ್ಷ ಆಚೀಚೆ ಎಂದರೆ ಯಾವ ಕಥೆಗಾದರೂ ಹೊಂದುತ್ತದೆ. ಹೊಂದುತ್ತದೆ ಅಂತಲೇ ನಾನು ಅದನ್ನು ಪಕ್ಕಕ್ಕಿಟ್ಟೆ.

ಐಸೊಟೋಪ್ ಸಂಖ್ಯೆಗಳು ಬಂದ ಸಂಜೆ ಗ್ರಾಫಿನ ಗೆರೆ ಎಳೆದು ನೋಡಿದೆ. ಸಾವಿರಾರು ವರ್ಷ ಮೆಲ್ಲಗೆ ಏರಿಳಿಯುತ್ತಾ ಬಂದ ಗೆರೆ 160ನೇ ಮಿಲಿಮೀಟರಿನಲ್ಲಿ ಮುಳ್ಳಿನ ಹಾಗೆ ಚುಚ್ಚಿಕೊಂಡು ನಿಂತಿತ್ತು. ಆಕ್ಸಿಜನ್ 18 ಅಲ್ಲಿ ಇಡೀ ಕಲ್ಲಿನಲ್ಲೇ ಜಾಸ್ತಿ. ಮಳೆ ಸೊರಗಿದ ಗುರುತು. 135 ಮತ್ತು 200ರ ವಯಸ್ಸುಗಳ ನಡುವೆ ನೇರ ಗೆರೆ ಎಳೆದು 160ಕ್ಕೆ ಲೆಕ್ಕ ಹಾಕಿದೆ. 4,200 ವರ್ಷ.

ಈ ಸಂಖ್ಯೆ ಕಂಡು ಎದೆ ಧಸಕ್ಕೆಂದಿತು. ಈ ಕ್ಷೇತ್ರದಲ್ಲಿ 4,200 ವರ್ಷ ಎಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಮೇಘಾಲಯದ ಮಾವ್ಮ್ಲುಹ್ ಗುಹೆಯ ಒಂದು ಸ್ಟ್ಯಾಲಗ್ಮೈಟ್‌ನಲ್ಲಿ ಆ ಕಾಲಕ್ಕೆ ಮುಂಗಾರು ಕುಗ್ಗಿದ ಗುರುತು ಇದೆ ಎಂದು 2012ರಲ್ಲಿ ಪ್ರಕಟವಾಯಿತು. 2018ರಲ್ಲಿ ಅದೇ ಕಲ್ಲನ್ನು ಮೈಲಿಗಲ್ಲಾಗಿ ಇಟ್ಟುಕೊಂಡು, ಅಲ್ಲಿಂದ ಇಂದಿನವರೆಗಿನ ಕಾಲಕ್ಕೆ ಮೇಘಾಲಯನ್ ಯುಗ ಎಂದು ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ ಹೆಸರಿಟ್ಟಿತು. ಭೂಮಿಯ ಚರಿತ್ರೆಯ ಒಂದು ಅಧ್ಯಾಯದ ಗಡಿ ಒಂದು ಗುಹೆಯ ಕಲ್ಲಿನೊಳಗಿದೆ. ಅದೇ ಗಡಿ ನನ್ನ ಕಲ್ಲಿನಲ್ಲೂ ಇದೆ ಎಂದುಕೊಂಡು ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಗಾಗುವುದರೊಳಗೆ ಸಮ್ಮೇಳನಕ್ಕೆ ಕಳಿಸುವ ಒಂದು ಪುಟ ಬರೆದಾಗಿತ್ತು.

ಮೇಡಂ ಆ ಪುಟವನ್ನು ಓದಲಿಲ್ಲ. ಕಲ್ಲು ತಾ ಎಂದರು. ಲೂಪ್, ಅಂದರೆ ಸಣ್ಣ ಭೂತಗನ್ನಡಿ, ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮುಳ್ಳು ಎಷ್ಟರಲ್ಲಿ ಅಂದೆ?"

"160, ಮೇಡಂ."

"ಈ ಗೆರೆ?"

"166."

"ಆರು ಮಿಲಿಮೀಟರ್. ಸರಿ, ಇಲ್ಲಿ ಒಂದು ಮಿಲಿಮೀಟರಿಗೆ ಎಷ್ಟು ವರ್ಷ ಹಿಡಿದಿದೆ ನೋಡು."

ನೋಡಿದೆ. ಕಲ್ಲಿನ ಬೇರೆಲ್ಲ ಕಡೆ ಒಂದು ಮಿಲಿಮೀಟರಿಗೆ ಹದಿನೇಳರಿಂದ ಇಪ್ಪತ್ತು ವರ್ಷ. 135ರಿಂದ 200ರವರೆಗೆ ಮಾತ್ರ ಮೂವತ್ತು. ಅಲ್ಲಿ ಕಲ್ಲು ಇದ್ದಕ್ಕಿದ್ದಂತೆ ನಿಧಾನವಾಯಿತೇ? ಆಗಿರಬಹುದು. ಇಲ್ಲಾ, ಮಾಮೂಲಿ ವೇಗದಲ್ಲೇ ಬೆಳೆದು ನಡುವೆ ಎಲ್ಲೋ ಪೂರ್ತಿ ನಿಂತುಹೋಗಿ ಮತ್ತೆ ಶುರುವಾಗಿರಬಹುದು. ಎರಡು ವಯಸ್ಸುಗಳ ನಡುವೆ ನೇರ ಗೆರೆ ಎಳೆದಾಗ, ಕಲ್ಲು ಒಂದು ದಿನವೂ ನಿಲ್ಲದೆ ಬೆಳೆಯಿತು ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಕಲ್ಲು ಹಾಗೆ ಹೇಳಿರಲಿಲ್ಲ.

ಪುಟವನ್ನು ಕಳಿಸಲಿಲ್ಲ. ಗೆರೆಯ ಜಾಗದಿಂದ ಒಂದು ತೆಳು ಚೂರು ಕತ್ತರಿಸಿ, ಬೆಳಕು ದಾಟುವಷ್ಟು ತೆಳ್ಳಗೆ ತೇಯ್ದು ಸೂಕ್ಷ್ಮದರ್ಶಕದಡಿ ಇಟ್ಟೆ. ಗೆರೆಯ ಕೆಳಗಿನ ಹರಳುಗಳು ಉದ್ದವಾಗಿ, ಕಡ್ಡಿಗಳ ಹಾಗೆ ಒತ್ತಾಗಿ ನಿಂತಿದ್ದವು. ಮೊನಚಾಗಿರಬೇಕಾದ ಅವುಗಳ ತುದಿಗಳು ನೆಕ್ಕಿದ ಕಲ್ಲುಸಕ್ಕರೆಯ ಹಾಗೆ ಸವೆದು ದುಂಡಗಾಗಿದ್ದವು. ಆ ಸವೆದ ತಗ್ಗುಗಳಲ್ಲಿ ಕಂದು ಮಣ್ಣು ಕೂತಿತ್ತು. ಅದರ ಮೇಲೆ ಸಣ್ಣ ಸಣ್ಣ ಹರಳುಗಳು ದಿಕ್ಕಾಪಾಲಾಗಿ ಹುಟ್ಟಿ, ಮೇಲೆ ಹೋದ ಹಾಗೆ ನಿಧಾನವಾಗಿ ಸಾಲು ಹಿಡಿದಿದ್ದವು.

ಇದನ್ನು ಓದುವ ರೀತಿ ಇದೆ. ಹನಿ ಬತ್ತುತ್ತಾ ಬಂದು ಕಲ್ಲು ನಿಂತರೆ, ನಿಲ್ಲುವ ಮುಂಚೆ ಪದರಗಳು ಕಿರಿದಾಗುತ್ತಾ ಹೋಗುತ್ತವೆ. ಹರಳಿನ ತುದಿ ಕರಗಿದ್ದರೆ, ಸುಣ್ಣ ತುಂಬಿರದ ನೀರು ಅದರ ಮೇಲೆ ಹರಿದಿದೆ ಎಂದರ್ಥ. ಅಂಥ ನೀರು ಸಾಮಾನ್ಯವಾಗಿ ಬರುವುದು ಮಳೆ ಜಾಸ್ತಿಯಾಗಿ, ಬಂಡೆಯೊಳಗೆ ನಿಲ್ಲಲು ಪುರುಸೊತ್ತಿಲ್ಲದೆ ರಭಸದಿಂದ ಇಳಿದಾಗ, ಇಲ್ಲವೆ ಗುಹೆಗೆ ಪ್ರವಾಹ ನುಗ್ಗಿದಾಗ. ನನ್ನ ಕಲ್ಲಿನಲ್ಲಿ ಗೆರೆಯ ಕೆಳಗೆ ಪದರ ಕಿರಿದಾಗಿರಲಿಲ್ಲ. ತುದಿಗಳು ಕರಗಿದ್ದವು. ನಾನು ಬರ ಎಂದು ಬರೆದಿದ್ದ ಜಾಗದ ಪಕ್ಕದಲ್ಲೇ ನೀರು ಹೆಚ್ಚಾದ ಗುರುತು!

ಗೆರೆಗೆ ತಾಗದಂತೆ ಇನ್ನು ನಾಲ್ಕು ಕಡೆ ವಯಸ್ಸಿಗೆ ಕೊರೆದೆ. 150ರಲ್ಲಿ 3,750 ವರ್ಷ. 163ರಲ್ಲಿ 4,010. ಗೆರೆಯ ಕೆಳಗೆ 169ರಲ್ಲಿ 4,780. 185ರಲ್ಲಿ 5,100. ಕೇವಲ ಆರು ಮಿಲಿಮೀಟರ್ ಅಂತರದಲ್ಲಿ 770 ವರ್ಷ ಜಿಗಿದಿತ್ತು. ಎರಡೂ ಕಡೆಯ ಬೆಳವಣಿಗೆಯನ್ನು ಗೆರೆಯವರೆಗೆ ಎಳೆದು ನೋಡಿದರೆ, ಕಲ್ಲು ಸುಮಾರು 4,720 ವರ್ಷ ಹಿಂದೆ ನಿಂತು, 4,070 ವರ್ಷ ಹಿಂದೆ ಮತ್ತೆ ಶುರುವಾಗಿತ್ತು. ನಡುವೆ ಸುಮಾರು 650 ವರ್ಷ ಇಲ್ಲ. ಅದರಲ್ಲೂ ಒಂದಿಷ್ಟು ಕಾಲ ಬೆಳೆದ ಪದರವನ್ನು ಆಮೇಲೆ ನೀರು ಕರಗಿಸಿಕೊಂಡು ಹೋಗಿರಬಹುದು.

4,200 ವರ್ಷ ಹಿಂದಿನ ಕಾಲ ಬೀಳುವುದು ಸರಿಯಾಗಿ ಆ ಖಾಲಿ ಜಾಗದೊಳಗೆ. ನಾನು ಯಾವ ಕಾಲದ ಬರವನ್ನು ಕಂಡೆ ಎಂದು ರಾತ್ರಿಯೆಲ್ಲ ಬರೆದೆನೋ ಆ ಕಾಲದಲ್ಲಿ ಕಲ್ಲು ಒಂದು ಪದರವನ್ನೂ ಉಳಿಸಿರಲಿಲ್ಲ.

ಮತ್ತೆ ಆ ಮುಳ್ಳು? ಅದು 3,950 ವರ್ಷದ ಹತ್ತಿರಕ್ಕೆ ಸರಿಯಿತು. ಸರಿದರೂ ಅದು ಬರವೇ ಹೌದಾ ಎಂದು ನೋಡಬೇಕಿತ್ತು. ನ್ಯೂಜಿಲೆಂಡಿನ ಕ್ರಿಸ್ ಹೆಂಡಿ 1971ರಲ್ಲಿ ತೋರಿಸಿಕೊಟ್ಟ ಒಂದು ಪರೀಕ್ಷೆ ಇದೆ. ಒಂದೇ ಪದರದ ಉದ್ದಕ್ಕೂ, ನಡುವಿನಿಂದ ಅಂಚಿನವರೆಗೆ ಹಲವು ಕಡೆ ಹುಡಿ ತೆಗೆದು ಅಳೆಯಬೇಕು. ಒಂದೇ ಕಾಲದ ಪದರ ತಾನೇ, ಆಕ್ಸಿಜನ್ ಸಂಖ್ಯೆ ಎಲ್ಲ ಕಡೆ ಒಂದೇ ಇರಬೇಕು. ಅಂಚಿಗೆ ಹೋದ ಹಾಗೆ ಏರಿದರೆ, ಕಾರ್ಬನ್ನೂ ಅದರ ಜೊತೆಗೇ ಏರಿದರೆ, ಹರಳು ಅವಸರದಲ್ಲಿ ಕೂತಿದೆ, ಸಂಖ್ಯೆಯಲ್ಲಿ ಮಳೆಯ ಗುರುತಿನ ಜೊತೆ ಗುಹೆಯೊಳಗಿನ ಗಾಳಿಯ ಗುರುತೂ ಬೆರೆತಿದೆ ಎಂದು ತಿಳಿಯಬೇಕು. ಒಂದೇ ಪದರವನ್ನು ಅಂಚಿನವರೆಗೂ ತಪ್ಪದೆ ಹಿಂಬಾಲಿಸುವುದು ಕಷ್ಟ, ಹಾಗಾಗಿ ಈಗ ಈ ಪರೀಕ್ಷೆಯೊಂದನ್ನೇ ಯಾರೂ ನೆಚ್ಚುವುದಿಲ್ಲ. ಆದರೂ ಮಾಡಿ ನೋಡಬೇಕು. 160ರ ಪದರದಲ್ಲಿ ಐದು ಕಡೆ ಕೊರೆದೆ. ಎರಡೂ ಕೈಕೈ ಹಿಡಿದು ಏರಿದವು. 60ರಲ್ಲೂ 240ರಲ್ಲೂ ಮಾಡಿದೆ. ಅಲ್ಲಿ ಏರಲಿಲ್ಲ.

ಅಂದರೆ ಕಲ್ಲಿನ ಉಳಿದ ಭಾಗವನ್ನು ಸುಮಾರಾಗಿ ನಂಬಬಹುದು. ಮತ್ತೆ ಬೆಳೆಯಲು ಶುರುವಾದ ಮೊದಲ ನೂರಿನ್ನೂರು ವರ್ಷವನ್ನು ಮಾತ್ರ ಮಳೆಯ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಆ ವರ್ಷ ತಿಂಗಳುಗಟ್ಟಲೆ ಹನಿ ಎಣಿಸಿದ್ದು ಇಲ್ಲಿ ಕೈಹಿಡಿಯಿತು. ಬೇಸಿಗೆಯಲ್ಲಿ ಹನಿ ನಿಧಾನವಾದಾಗ ಗಾಜಿನ ತಟ್ಟೆಯ ಮೇಲೆ ಕೂತ ಸುಣ್ಣದಲ್ಲೂ ಆಕ್ಸಿಜನ್ ಮತ್ತು ಕಾರ್ಬನ್ ಹೀಗೇ ಜೊತೆಯಾಗಿ ಏರಿದ್ದವು. ಹನಿ ಹೆಚ್ಚು ಹೊತ್ತು ಕಲ್ಲಿನ ಮೇಲೆ ನಿಂತಷ್ಟೂ ಅನಿಲ ಹೆಚ್ಚು ಹಾರುತ್ತದೆ. 3,950 ವರ್ಷ ಹಿಂದೆ ಹನಿ ನಿಧಾನವಾಗಿತ್ತು ಎಂದಷ್ಟೇ ಹೇಳಬಲ್ಲೆ. ಮಳೆ ಕಡಿಮೆಯಾಗಿ ನಿಧಾನವಾಯಿತೋ, ಚಾವಣಿಯ ಬಿರುಕು ಆಗಷ್ಟೇ ಮತ್ತೆ ತೆರೆದುಕೊಂಡು ನಿಧಾನವಾಗಿತ್ತೋ, ಈ ಒಂದು ಕಲ್ಲು ಹೇಳುವುದಿಲ್ಲ.

650 ವರ್ಷದ ಖಾಲಿ ಜಾಗವೂ ಹಾಗೆಯೇ. ಬರದಿಂದ ಹನಿ ನಿಂತಿರಬಹುದು. ಬಿರುಕು ಮುಚ್ಚಿ ಹನಿ ಬೇರೆ ಕಡೆ ಸರಿದಿರಬಹುದು. ನೀರು ಜಾಸ್ತಿಯಾಗಿ ಕಲ್ಲು ಕರಗಿರಬಹುದು. ಶುರುವಿನಲ್ಲಿ ಒಂದು, ಕೊನೆಯಲ್ಲಿ ಇನ್ನೊಂದು ಆಗಿರಲೂಬಹುದು. ಇದನ್ನು ಬಿಡಿಸುವ ದಾರಿ ಒಂದೇ, ಅದೇ ಗುಹೆಯ ಬೇರೆ ಹನಿಯ ಕೆಳಗೆ ಬೆಳೆದ ಇನ್ನೊಂದು ಕಲ್ಲು. ಎರಡು ಬೇರೆ ಬಿರುಕು, ಎರಡು ಬೇರೆ ಹನಿ, ಆದರೂ ಗೆರೆ ಒಂದೇ ಥರ ಏರಿಳಿದರೆ ಅದು ಮೇಲಿನ ಮಳೆಯ ಮಾತು. ಚೀನಾದ ನಾನ್‌ಜಿಂಗ್ ಹತ್ತಿರದ ಹುಲು ಗುಹೆಯಿಂದ 2001ರಲ್ಲಿ ಬಂದ ದಾಖಲೆಯನ್ನು ಜನ ಅಷ್ಟು ನಂಬಿದ್ದಕ್ಕೆ ಇದೂ ಒಂದು ಕಾರಣ. ಅಲ್ಲಿ ಐದು ಸ್ಟ್ಯಾಲಗ್ಮೈಟ್ ಇಟ್ಟು ನೋಡಿದ್ದರು.

ಅಳತೆಯ ದಾಖಲೆ ಇರುವಷ್ಟು ಈಚಿನ ಕಾಲದ ಕಲ್ಲಾದರೆ ಇನ್ನೊಂದು ದಾರಿಯೂ ಇದೆ. ಉತ್ತರ ಕನ್ನಡದ ಅಕಳಗವಿ ಗುಹೆಯ 331 ವರ್ಷದ ಕಲ್ಲಿನಲ್ಲಿ ವರ್ಷ ವರ್ಷದ ಪದರಗಳಿವೆ. ಅದರ ಮೇಲಿನ ಭಾಗವನ್ನು ಮಳೆಮಾಪಕದ ಲೆಕ್ಕದ ಪಕ್ಕದಲ್ಲೇ ಇಟ್ಟು ನೋಡಬಹುದು. 2004ರಲ್ಲಿ ಪ್ರಕಟವಾದ ಆ ಕೆಲಸವನ್ನು ನಾನು ಎಷ್ಟು ಸಲ ಓದಿದ್ದೇನೋ. 900 ವರ್ಷ ಹಿಂದೆಯೇ ಬೆಳೆಯುವುದನ್ನು ಬಿಟ್ಟ ನನ್ನ ಕಲ್ಲಿಗೆ ಆ ಭಾಗ್ಯ ಇಲ್ಲ.

ಎರಡನೆಯ ಕಲ್ಲು ಹೋದ ತಿಂಗಳು ಸಿಕ್ಕಿತು. ಅದೂ ಬಿದ್ದದ್ದೇ, ಗುಹೆಯ ಇನ್ನೊಂದು ಕವಲಿನಲ್ಲಿ. ಮೊದಲನೆಯದಕ್ಕಿಂತ ಗಿಡ್ಡ, ದಪ್ಪ. ಈ ಸಲ ಸೀಳಿದ ದಿನವೇ ಸೂಕ್ಷ್ಮದರ್ಶಕದ ಕೆಳಗೆ ಮೇಲಿಂದ ಕೆಳಗೆ ನೋಡಿ, ಎಲ್ಲ ಕಂದು ಗೆರೆಗಳಿಗೂ ಪೆನ್ಸಿಲ್ ಗುರುತು ಹಾಕಿದೆ. ಮೂರು ಇವೆ. ಪ್ರತಿಯೊಂದರ ಮೇಲೊಂದು ಕೆಳಗೊಂದು ವಯಸ್ಸು ಮೊದಲು, ಐಸೊಟೋಪ್ ಆಮೇಲೆ. ಆರು ಸೀಸೆ ದೂಳಿಲ್ಲದ ಕೋಣೆಗೆ ಹೋಗಿವೆ.

ಮೊದಲ ಕಲ್ಲಿನ ಗ್ರಾಫಿನ ಗೆರೆಯನ್ನು ನಿನ್ನೆ ಹೊಸದಾಗಿ ಎಳೆದೆ. ಕಂಪ್ಯೂಟರ್ 4,720ರ ಚುಕ್ಕಿಯಿಂದ 4,070ರ ಚುಕ್ಕಿಗೆ ತಾನೇ ಒಂದು ಗೆರೆ ಸೇರಿಸಿಬಿಟ್ಟಿತು. ನೋಡಲು ಚೆನ್ನಾಗಿಯೇ ಕಾಣುತ್ತಿತ್ತು. ಅಷ್ಟನ್ನು ಆರಿಸಿ ಅಳಿಸಿದೆ. ಈಗ ಎರಡು ತುಂಡು ಗೆರೆ, ನಡುವೆ ಬಿಳಿ ಜಾಗ.